ಹಳೇ ಕೊರೊಲಾ, ರೋಡ್‌ವರ್ದಿ, ಆಮೇಲೆ ಮಾರಾಟ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಕಾರಿಗೆ ವರ್ಷ ವರ್ಷ ಚೆಕಿಂಗ್ ಅಂತ ಏನೂ ಇಲ್ಲ. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ಕಾರಿಗೆ 5 ವರ್ಷ ದಾಟ್ತು ಅಂದ್ರೆ ರೆಜೋ, ಅಂದ್ರೆ ರಿಜಿಸ್ಟ್ರೇಷನ್, ರಿನ್ಯೂ ಮಾಡೋಕೆ ಪಿಂಕ್ ಸ್ಲಿಪ್ ಅನ್ನೋ ಚೆಕಿಂಗ್ ರಿಪೋರ್ಟ್ ಬೇಕು, ಇಲ್ಲಿ ಹಾಗಲ್ಲ, ದುಡ್ಡು ಕಟ್ತಾ ಇದ್ರೆ ರೆಜೋ ಮುಂದಕ್ಕೆ ಹೋಗ್ತಾನೇ ಇರತ್ತೆ. ಒಬ್ಬರ ಹತ್ರಾನೇ ಹತ್ತು ಹನ್ನೆರಡು ವರ್ಷ ಓಡಿದ ಕಾರಿನ ಅಡಿಭಾಗಾನ ಸರ್ವೀಸ್ ಮಾಡೋನು ಬಿಟ್ರೆ ಬೇರೆ ಯಾರೂ ಬಗ್ಗಿ ನೋಡಿರಲ್ಲ. ಮಾರೋಕೆ ಹೊರಟಾಗ ಮಾತ್ರ ರೋಡ್‌ವರ್ದಿ ಸರ್ಟಿಫಿಕೇಟ್, ಅಂದ್ರೆ ಕಾರು ರಸ್ತೆ ಮೇಲೆ ಓಡೋಷ್ಟು ಸೇಫ್ ಅನ್ನೋ ಕಾಗದ, ಎಲ್ಲಿ ಅಂತ ಕೇಳ್ತಾರೆ. ಅದಕ್ಕೇ ನಮ್ಮ ಜನ ತುಂಬಾ ಮಂದಿ ಅದನ್ನ ಮಾರಾಟಕ್ಕೆ ಅಡ್ಡ ಬರೋ ಒಂದು ಕಾಗದ ಅನ್ಕೊಂಡಿದಾರೆ. ನಾನು ಈಚೆಗೆ ನಮ್ಮ ಹಳೇ ಕಾರು ಮಾರಿದೆ, ಅದರ ಪೂರ್ತಿ ವಿವರ ಬರೀತಿದೀನಿ, ಯಾಕಂದ್ರೆ ಈ ಕೆಲಸದಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನೋದ್ರ ಮೇಲೇ ಎಲ್ಲಾ ನಿಂತಿದೆ. ಮೊದಲು ಇನ್ಸ್‌ಪೆಕ್ಷನ್, ಆಮೇಲೆ ರಿಪೇರಿ, ಜಾಹೀರಾತು ಎಲ್ಲಕ್ಕಿಂತ ಕೊನೆಗೆ. ತುಂಬಾ ಜನ ಇದನ್ನ ಉಲ್ಟಾ ಮಾಡಿ ದುಡ್ಡು ಕಳ್ಕೋತಾರೆ.

ನಮ್ಮದು 2005ರ ಟೊಯೋಟಾ ಕೊರೊಲಾ, 1.8 ಲೀಟರ್ ಎಂಜಿನ್, ಆಟೋಮ್ಯಾಟಿಕ್, 2 ಲಕ್ಷ ಕಿಲೋಮೀಟರ್ ದಾಟಿದೆ. ಎರಡು ಚೈಲ್ಡ್ ಸೀಟ್ ಹಾಕಿದ್ಮೇಲೆ ಅತ್ತೆ ಮಾವ ಕೂರೋಕೆ ಜಾಗ ಇಲ್ಲ, ಹಾಗಾಗಿ ಏಳು ಸೀಟಿಂದು ತಗೊಂಡ್ವಿ, ಕೊರೊಲಾ ಡ್ರೈವ್‌ವೇನಲ್ಲಿ ನಿಂತುಬಿಡ್ತು. ಗೊತ್ತಿದ್ದೋರೆಲ್ಲ ಹೇಳಿದ್ದು ಒಂದೇ, ಅಷ್ಟು ಹಳೇ ಕಾರಿಗೆ ರೋಡ್‌ವರ್ದಿ ಗೀಡ್‌ವರ್ದಿ ಅಂತ ದುಡ್ಡು ಸುರೀಬೇಡಿ, ಇದ್ದ ಹಾಗೇ ಕೊಟ್ಟು ಕೈ ತೊಳ್ಕೊಳಿ ಅಂತ.

ಇದ್ದ ಹಾಗೇ ಕೊಡೋಕೆ ಕಾನೂನಲ್ಲಿ ಅವಕಾಶ ಇದೆ, ಆದ್ರೆ ಅದರ ಅರ್ಥ ಏನು ಅಂತ ತಿಳ್ಕೋಬೇಕು. ರೋಡ್‌ವರ್ದಿ ಇಲ್ದೆ ಮಾರೋದಾದ್ರೆ ನಂಬರ್ ಪ್ಲೇಟ್ ಬಿಚ್ಚಿ, ಇಲ್ಲಿ ರಿಜಿಸ್ಟ್ರೇಷನ್ ನೋಡ್ಕೊಳೋ ವಿಕ್‌ರೋಡ್ಸ್‌ಗೆ ವಾಪಸ್ ಕೊಡ್ಬೇಕು, ರೆಜೋ ಕ್ಯಾನ್ಸಲ್ ಆಗತ್ತೆ, ಉಳಿದ ತಿಂಗಳುಗಳ ದುಡ್ಡು ನಿಮಗೆ ವಾಪಸ್ ಬರತ್ತೆ. ಕಾರು ತಗೊಂಡೋನು ಅದನ್ನ ಓಡಿಸಿಕೊಂಡು ಹೋಗೋ ಹಾಗಿಲ್ಲ, ಒಂದೋ ಟ್ರಕ್ ಮೇಲೆ ಹಾಕ್ಕೊಂಡು ಹೋಗ್ಬೇಕು ಇಲ್ಲಾ ಅನ್‌ರಿಜಿಸ್ಟರ್ಡ್ ವೆಹಿಕಲ್ ಪರ್ಮಿಟ್ ತಗೋಬೇಕು. ಆಮೇಲೆ ಅವನೇ ರಿಪೇರಿ ಮಾಡಿಸಿ, ಅವನೇ ರೋಡ್‌ವರ್ದಿ ಮಾಡಿಸಿ, ವಿಕ್‌ರೋಡ್ಸ್‌ನಲ್ಲಿ ಅಪಾಯಿಂಟ್‌ಮೆಂಟ್ ತಗೊಂಡು ಕಾರು ತೋರಿಸಿ ಹೊಸದಾಗಿ ರಿಜಿಸ್ಟರ್ ಮಾಡಿಸ್ಬೇಕು. ಇಷ್ಟೆಲ್ಲಾ ತಲೆನೋವು ತಗೊಳೋನು ಬೆಲೆ ಕೇಳೋದು ಹೇಗಿರತ್ತೆ ಅಂತ ನೀವೇ ಯೋಚನೆ ಮಾಡಿ, ಸಾಮಾನ್ಯವಾಗಿ ಗ್ಯಾರೇಜ್ ಇಟ್ಕೊಂಡೋರು ಅಥವಾ ಪಾರ್ಟ್ಸ್‌ಗೆ ಒಡೆಯೋರೇ ಬರ್ತಾರೆ. ಗಂಡ ಹೆಂಡತಿ ಹೆಸರಿಗೆ ಬದಲಾಯಿಸೋದಾದ್ರೆ ರೋಡ್‌ವರ್ದಿ ಬೇಕಿಲ್ಲ, ಲೈಸೆನ್ಸ್ ಇರೋ ಡೀಲರ್‌ಗೆ ಕೊಟ್ರೂ ಬೇಕಿಲ್ಲ, ಬೇರೆ ಯಾರಿಗೆ ರೆಜೋ ಸಮೇತ ಕೊಡ್ಬೇಕಂದ್ರೂ ಬೇಕೇ ಬೇಕು.

ನನ್ನ ಮನಸ್ಸಲ್ಲಿ ಇನ್ನೊಂದು ವಿಷಯಾನೂ ಇತ್ತು. ಈ ಬೆಲೆಯ ಕಾರು ಯಾರು ತಗೋತಾರೆ? ಹೊಸದಾಗಿ ಬಂದಿರೋ ಸ್ಟೂಡೆಂಟ್ಸ್, ಮೊದಲನೇ ಕೆಲಸಕ್ಕೆ ಸೇರಿದೋರು, ಮೆಲ್ಬರ್ನ್ ಹೊರವಲಯದ ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಬಾಡಿಗೆ ಮನೆಯಲ್ಲಿದ್ದು ರಾತ್ರಿ ಶಿಫ್ಟ್ ಮುಗಿಸಿ ಫ್ರೀವೇನಲ್ಲಿ 100ರಲ್ಲಿ ಬರೋರು. ಬ್ರೇಕ್ ಹೇಗಿದೆ ಅಂತ ನನಗೇ ಗೊತ್ತಿಲ್ಲದ ಕಾರನ್ನ ಅವರ ಕೈಗೆ ಕೊಡೋಕೆ ನನಗೆ ಮನಸ್ಸಾಗ್ಲಿಲ್ಲ.

ಈಗ ರೋಡ್‌ವರ್ದಿಯಲ್ಲಿ ಏನು ನೋಡ್ತಾರೆ ಅನ್ನೋದು. ಲೈಸೆನ್ಸ್ ಇರೋ ಟೆಸ್ಟರ್ ಮಾತ್ರ ಕೊಡಬಹುದು, ಹೆಚ್ಚಿನೋರು ಮಾಮೂಲಿ ಗ್ಯಾರೇಜ್ ನಡೆಸೋರೇ. ಅವರು ಯಾವ ನಿಯಮದ ಪ್ರಕಾರ ನೋಡ್ತಾರೆ ಅಂತ ವಿಎಸ್‌ಐ 26 ಅನ್ನೋ ಡಾಕ್ಯುಮೆಂಟ್‌ನಲ್ಲಿ ಇದೆ, ಓದೋಕೆ ಕಷ್ಟ ಏನಿಲ್ಲ, ಒಂದ್ಸಲ ಕಣ್ಣಾಡಿಸಿ. ಚಕ್ರ, ಟೈರ್, ಸ್ಟೀರಿಂಗ್, ಸಸ್ಪೆನ್ಷನ್, ಬ್ರೇಕ್, ಸೀಟು, ಸೀಟ್‌ಬೆಲ್ಟ್, ಲೈಟು, ಇಂಡಿಕೇಟರ್, ಗಾಜು, ವೈಪರ್, ವಾಷರ್, ಬಾಡಿಯಲ್ಲಿ ತುಕ್ಕು, ಹೀಗೆ ಸೇಫ್ಟಿಗೆ ಸಂಬಂಧಪಟ್ಟಿದ್ದಷ್ಟೇ. ಎಸಿ ತಣ್ಣಗೆ ಬರತ್ತಾ, ಗೇರ್‌ಬಾಕ್ಸ್ ಇನ್ನೆಷ್ಟು ದಿನ ಬಾಳತ್ತೆ, ಎಂಜಿನ್ ಆಯಿಲ್ ಕುಡಿಯತ್ತಾ, ಇದ್ಯಾವುದೂ ಅವರ ಲೆಕ್ಕಕ್ಕಿಲ್ಲ. ತಗೊಳೋರು ತುಂಬಾ ಜನ ರೋಡ್‌ವರ್ದಿ ಇದೆ ಅಂದ್ರೆ ಕಾರು ಕಂಡೀಷನ್ ಚೆನ್ನಾಗಿದೆ ಅಂತ ನಂಬ್ತಾರೆ. ಆ ಸರ್ಟಿಫಿಕೇಟ್ ಹೇಳೋದು ಇಷ್ಟೇ, ಚೆಕ್ ಮಾಡಿದ ದಿನ ಈ ಕಾರು ರಸ್ತೆ ಮೇಲೆ ಓಡೋಕೆ ಬೇಕಾದ ಕನಿಷ್ಠ ಮಟ್ಟದಲ್ಲಿತ್ತು.

ಟೆಸ್ಟರ್ ಹತ್ರ ಹೋಗೋ ಮುಂಚೆ ಮನೆಯಲ್ಲೇ ಮುಗಿಸಬಹುದಾದ ಕೆಲಸ ಸುಮಾರಿದೆ. ಸಂಜೆ ಗ್ಯಾರೇಜ್ ಬಾಗಿಲ ಎದುರಿಗೆ ಕಾರು ನಿಲ್ಸಿದ್ರೆ ಮುಂದಿನ ಲೈಟೆಲ್ಲಾ ಬಾಗಿಲ ಮೇಲೇ ಕಾಣತ್ತೆ, ತಿರುಗಿಸಿ ನಿಲ್ಸಿದ್ರೆ ಹಿಂದಿಂದೂ ಕಾಣತ್ತೆ. ಹಿಂದೆ ನಂಬರ್ ಪ್ಲೇಟ್ ಮೇಲಿನ ಪುಟ್ಟ ಬಲ್ಬ್ ಹೋಗಿರೋದು ಯಾರಿಗೂ ಗೊತ್ತಾಗಿರಲ್ಲ, ಅದಕ್ಕೂ ಫೇಲ್ ಮಾಡ್ತಾರೆ. ಸೀಟ್‌ಬೆಲ್ಟ್ ಎಲ್ಲಾನೂ, ಹಿಂದಿನ ನಡುವಿಂದೂ ಸೇರಿ, ಪೂರ್ತಿ ಎಳೆದು ಅಂಚು ಬಿಚ್ಕೊಂಡಿದ್ಯಾ ನೋಡಿ, ಬಿಟ್ರೆ ತಾನಾಗೇ ಒಳಗೆ ಹೋಗ್ಬೇಕು. ವಾಷರ್ ನೀರು ತುಂಬ್ಸಿ, ವೈಪರ್ ರಬ್ಬರ್ ಹರಿದಿದ್ರೆ ಬದಲಾಯ್ಸಿ. ಟೈರ್ ಗೀರಿನ ಆಳ 1.5 ಮಿಲಿಮೀಟರ್‌ಗಿಂತ ಕಮ್ಮಿ ಇರೋ ಹಾಗಿಲ್ಲ, ಗೀರಿನ ಒಳಗಡೆ ಅಡ್ಡಕ್ಕೆ ಸಣ್ಣ ದಿಣ್ಣೆ ಥರ ರಬ್ಬರ್ ಇರತ್ತೆ ನೋಡಿ, ಟೈರ್ ಸವೆದು ಅದರ ಮಟ್ಟಕ್ಕೆ ಬಂದಿದ್ರೆ ಮುಗೀತು ಅಂತ ಅರ್ಥ. ಹೊರಗಿನ ಅಂಚು ಮಾತ್ರ ನೋಡಿ ಸುಮ್ಮನಾಗ್ಬೇಡಿ, ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಒಳಗಿನ ಅಂಚು ಕೈಯಲ್ಲಿ ಮುಟ್ಟಿ ನೋಡಿ. ನಮ್ಮ ಕಾರಲ್ಲಿ ಎಡಗಡೆ ಮುಂದಿನ ಟೈರು ಹೊರಗೆ ಚೆನ್ನಾಗಿತ್ತು, ಒಳಗಡೆ ನುಣ್ಣಗೆ ಬೋಳಾಗಿತ್ತು, ಅದು ಯಾಕೆ ಅಂತ ಆಮೇಲೆ ಗೊತ್ತಾಯ್ತು.

ಹೆಡ್‌ಲೈಟ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಇಲ್ಲಿನ ಬಿಸಿಲಿಗೆ ಈ ವಯಸ್ಸಿನ ಕಾರುಗಳದ್ದು ಹಳದಿ ತಿರುಗಿ ಮಂಜು ಕವಿದಿರತ್ತೆ, ಬೆಳಕು ಕಮ್ಮಿ ಆಗೋಷ್ಟು ಮಸುಕಾಗಿದ್ರೆ ಫೇಲ್. ಟೂತ್‌ಪೇಸ್ಟ್ ಹಚ್ಚಿ ಅಂತ ವಿಡಿಯೋ ಇದಾವೆ, ಅದು ಒಂದು ವಾರ ಫಳಫಳ ಅನ್ನತ್ತೆ ಅಷ್ಟೇ. ಸುತ್ತ ಪೇಂಟ್‌ಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನೀರು ಹಾಕ್ಕೊಂಡು ಮೊದಲು 800 ನಂಬರ್ ಸ್ಯಾಂಡ್‌ಪೇಪರ್, ಆಮೇಲೆ 1500, ಆಮೇಲೆ 2000 ಅಂತ ಉಜ್ಜುತ್ತಾ ಹೋಗ್ಬೇಕು. ಮೊದಲನೇ ಸುತ್ತಲ್ಲಿ ಇಳಿಯೋ ನೀರು ಹಳದಿಯಾಗಿ ಹಾಲಿನ ಥರ ಬರತ್ತೆ, ಅದು ಹಾಳಾದ ಹಳೇ ಕೋಟಿಂಗು, ನೀರು ಬೆಳ್ಳಗೆ ಬರೋವರೆಗೂ ಬಿಡ್ಬಾರ್ದು. ಆ ಹಂತದಲ್ಲಿ ಲೈಟು ಮೊದಲಿಗಿಂತ ಮಸುಕಾಗಿ ಕಾಣತ್ತೆ, ಹೆದರ್ಕೋಬೇಡಿ, 2000 ಆದ್ಮೇಲೆ ಪಾಲಿಶ್ ಹಾಕಿದ್ರೆ ತಿಳಿಯಾಗತ್ತೆ. ಕೊನೆಗೆ ಯುವಿ ಕೋಟಿಂಗ್ ಹಾಕ್ಲೇಬೇಕು, ಇಲ್ಲಾಂದ್ರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ತಗೊಂಡೋರಿಗೆ ಮತ್ತೆ ಅದೇ ಪಾಡು ಬರ್ಬಾರ್ದಲ್ವಾ.

ಇನ್ಸ್‌ಪೆಕ್ಷನ್ ದಿನ ನಾನು ಅಲ್ಲೇ ನಿಂತಿದ್ದೆ. ಎಲ್ಲಾ ಕಡೆ ಒಳಗೆ ಬಿಡಲ್ಲ, ಆದ್ರೆ ಕೇಳ್ಬೇಕು, ಕೇಳಿದ್ರೆ ಒಳ್ಳೇ ಟೆಸ್ಟರ್‌ಗಳು ಕೆಲಸ ಆದ್ಮೇಲೆ ಕರೆದು ತೋರಿಸ್ತಾರೆ. ಕಾರು ಮೇಲೆತ್ತಿ, ಉದ್ದನೆ ಕಬ್ಬಿಣದ ರಾಡ್ ಒಂದನ್ನ ಮುಂದಿನ ಚಕ್ರದ ಹಿಂದೆ, ಚಕ್ರನ ಕಾರಿಗೆ ಹಿಡಿದಿಡೋ ಲೋಯರ್ ಕಂಟ್ರೋಲ್ ಆರ್ಮ್‌ನ ಸಂದಿಗೆ ತೂರಿಸಿ ಮೆಲ್ಲಗೆ ಮೀಟಿದ್ರು. ಆರ್ಮ್ ಹಿಂದೆ ಮುಂದೆ ಆಡ್ತು. ಟಾರ್ಚ್ ಬಿಟ್ಟು ತೋರಿಸಿದ್ರು, ದಪ್ಪನೆ ರಬ್ಬರ್ ಬುಷ್ ಅರ್ಧಕ್ಕಿಂತ ಜಾಸ್ತಿ ಸೀಳ್ಕೊಂಡಿತ್ತು, ಒಳಗಿನ ಕಬ್ಬಿಣದ ಕೊಳವೆ ಒಂದು ಪಕ್ಕಕ್ಕೆ ವಾಲಿತ್ತು. ಬ್ರೇಕ್ ಹಾಕಿದಾಗ ಕಾರು ಸಣ್ಣಗೆ ಎಡಕ್ಕೆ ಎಳೀತಿದ್ದಿದ್ದು, ಸ್ಪೀಡ್ ಹಂಪ್ ಮೇಲೆ ಟಕ್ ಅಂತಿದ್ದಿದ್ದು, ಆ ಟೈರ್ ಒಳಗಡೆ ಬೋಳಾಗಿದ್ದಿದ್ದು, ಮೂರಕ್ಕೂ ಮೂಲ ಅದೇ. ನಾವು ಟೈರ್ ಮಾತ್ರ ಹಾಕ್ಸಿ ಬಂದಿದ್ರೆ ಹೊಸ ಟೈರೂ ಹಾಗೇ ತಿಂದು ಹೋಗ್ತಿತ್ತು. ಇನ್ಸ್‌ಪೆಕ್ಷನ್ ಮೊದಲು ಅಂತ ನಾನು ಇಷ್ಟು ಒತ್ತಿ ಹೇಳ್ತಿರೋದು ಇದಕ್ಕೇನೇ.

ಫೇಲ್ ಶೀಟ್‌ನಲ್ಲಿ ಇದ್ದಿದ್ದು ಮುಂದಿನ ಎರಡೂ ಆರ್ಮ್ ಬುಷ್, ಮುಂದಿನ ಎರಡು ಟೈರ್, ಹಿಂದೆ ಬಲಗಡೆ ಬ್ರೇಕ್ ಶೂನ ಡ್ರಮ್‌ಗೆ ಒತ್ತೋ ವೀಲ್ ಸಿಲಿಂಡರ್ ಸೋರ್ತಿರೋದು, ಎಂಜಿನ್ ಪಕ್ಕದಿಂದ ಆಯಿಲ್ ತೊಟ್ಟಿಕ್ಕೋದು. ವೀಲ್ ಸಿಲಿಂಡರ್ ನೋಡಿದಾಗ ನಿಜವಾಗ್ಲೂ ಎದೆ ಧಸಕ್ ಅಂತು. ಈ ಕಾರಿಗೆ ಹಿಂದೆ ಡ್ರಮ್ ಬ್ರೇಕು, ಡ್ರಮ್ ತೆಗೆದು ಸಿಲಿಂಡರ್ ತುದಿಯ ರಬ್ಬರ್ ಟೋಪಿನ ಸ್ಕ್ರೂಡ್ರೈವರ್‌ನಲ್ಲಿ ಮೆಲ್ಲಗೆ ಎತ್ತಿದ್ರೆ ಒಳಗಿಂದ ಬ್ರೇಕ್ ಆಯಿಲ್ ಒಸರ್ತಿತ್ತು. ಅದು ಇನ್ನೂ ಶೂ ಮೇಲೆ ಹರಡಿರ್ಲಿಲ್ಲ, ಹರಡಿದ್ರೆ ಆ ಕಡೆ ಬ್ರೇಕ್ ಹಿಡಿಯೋದೇ ಇಲ್ಲ. ಪೆಡಲ್ ಒತ್ತಿದಾಗ ಏನೂ ವ್ಯತ್ಯಾಸ ಗೊತ್ತಾಗ್ತಿರ್ಲಿಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಬಂದಿರ್ಲಿಲ್ಲ. ಇದೇ ಕಾರಲ್ಲಿ ಮಕ್ಕಳನ್ನ ದಿನಾ ಸ್ಕೂಲಿಗೆ ಬಿಡ್ತಿದ್ವಿ. ವರ್ಷಕ್ಕೊಂದ್ಸಲ ಕಡ್ಡಾಯ ಚೆಕಿಂಗ್ ಇಲ್ಲದ ರಾಜ್ಯದಲ್ಲಿ ಸರ್ವೀಸ್ ಮಾಡಿಸೋವಾಗ ಡ್ರಮ್ ಬಿಚ್ಚಿ ನೋಡಿ ಅಂತ ನಾವೇ ಬಾಯ್ಬಿಟ್ಟು ಹೇಳ್ಬೇಕು, ಆಯಿಲ್ ಚೇಂಜ್ ಮಾಡೋ ಕಡಿಮೆ ರೇಟಿನ ಸರ್ವೀಸಲ್ಲಿ ಅದನ್ನ ಯಾರೂ ಬಿಚ್ಚಲ್ಲ.

ಫೇಲ್ ಆದ್ರೆ ಗಾಬರಿ ಬೇಡ. ಶೀಟ್‌ನಲ್ಲಿರೋದನ್ನ ರಿಪೇರಿ ಮಾಡಿಸಿ 14 ದಿನದೊಳಗೆ ಅದೇ ಟೆಸ್ಟರ್‌ಗೆ ತೋರಿಸಿದ್ರೆ ಫೇಲ್ ಆಗಿದ್ದನ್ನಷ್ಟೇ ಮತ್ತೆ ನೋಡ್ತಾರೆ, ದಾಟಿದ್ರೆ ಪೂರ್ತಿ ಇನ್ಸ್‌ಪೆಕ್ಷನ್ ಮೊದಲಿಂದ. ರಿಪೇರಿ ಅವರ ಹತ್ರಾನೇ ಮಾಡಿಸ್ಬೇಕು ಅಂತ ಎಲ್ಲೂ ಇಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಅಲ್ಲೇ ಕೊಟ್ಟ ಕೊಟೇಷನ್‌ಗೆ ಹೂಂ ಅಂದುಬಿಡ್ತಾರೆ. ನಾನು ಶೀಟ್‌ನ ಫೋಟೋ ತೆಗೆದು ಬೇರೆ ಮೆಕ್ಯಾನಿಕ್‌ಗಳಿಗೆ ಕಳಿಸಿ ರೇಟ್ ಕೇಳಿದೆ, ಒಂದೇ ಕೆಲಸಕ್ಕೆ ಅಜಗಜಾಂತರ ವ್ಯತ್ಯಾಸ ಬಂತು. ಹಾಗಂತ ತೀರಾ ಕಮ್ಮಿ ಹೇಳಿದೋರ ಹತ್ರ ಹೋಗ್ಲಿಲ್ಲ, ಯಾವ ಪಾರ್ಟ್ ಹಾಕ್ತೀರಾ ಅಂತ ಕೇಳಿದ್ರೆ ಸರಿಯಾಗಿ ಉತ್ತರ ಕೊಟ್ಟೋರ ಹತ್ರ ಹೋದೆ.

ಬುಷ್ ಮಾತ್ರ ಪ್ರೆಸ್ ಮಾಡಿ ಹಾಕೋ ಬದಲು ಬುಷ್ ಸಮೇತ ಬರೋ ಹೊಸ ಆರ್ಮ್ ಹಾಕ್ಸಿದ್ವಿ, ಪಾರ್ಟ್‌ಗೆ ಸ್ವಲ್ಪ ಜಾಸ್ತಿ ಆದ್ರೂ ಲೇಬರ್ ಅರ್ಧಕ್ಕೆ ಇಳಿಯತ್ತೆ. ಸಿಲಿಂಡರ್ ಒಂದೇ ಸೋರ್ತಿದ್ರೂ ಎರಡೂ ಕಡೆ ಬದಲಾಯ್ಸಿ ಅಂದೆ, ಎರಡಕ್ಕೂ ಒಂದೇ ವಯಸ್ಸು, ಇನ್ನೊಂದು ಮುಂದಿನ ವರ್ಷ ಸೋರತ್ತೆ. ಆಮೇಲೆ ಬ್ರೇಕ್ ಆಯಿಲ್ ಪೂರ್ತಿ ಹೊಸದು. ಕ್ರಮ ಗಮನಿಸಿ, ಮೊದಲು ಆರ್ಮ್, ಆಮೇಲೆ ಟೈರ್, ಕೊನೆಗೆ ವೀಲ್ ಅಲೈನ್‌ಮೆಂಟ್. ಅಲೈನ್‌ಮೆಂಟ್ ಮೊದಲೇ ಮಾಡಿಸಿದ್ರೆ ಆರ್ಮ್ ಬಿಚ್ಚಿದ ತಕ್ಷಣ ಅದು ವೇಸ್ಟ್. ಆಯಿಲ್ ಸೋರಿಕೆ ಅಂದಾಗ ನಮ್ಮನೆಯವರು ಎಂಜಿನ್ ಬಿಚ್ಬೇಕಾಗತ್ತೇನೋ ಅಂತ ಕೂತುಬಿಟ್ರು. ಈ ಎಂಜಿನ್‌ನಲ್ಲಿ ಟೈಮಿಂಗ್ ಚೈನ್ ಬಿಗಿ ಹಿಡಿಯೋ ಟೆನ್ಷನರ್ ಹೊರಗಿಂದಾನೇ ಕೂರತ್ತೆ, ಅದರ ಓ-ರಿಂಗ್ ಅನ್ನೋ ರಬ್ಬರ್ ಬಳೆ ಗಟ್ಟಿಯಾಗಿ ಸೋರೋದು ತೀರಾ ಮಾಮೂಲಿ, ಮೆಕ್ಯಾನಿಕ್ ಅದೊಂದು ಬದಲಾಯ್ಸಿ, ಎಂಜಿನ್ ತೊಳೆದು, ಕೆಲವು ದಿನ ಓಡ್ಸಿ ಬನ್ನಿ ಅಂದ್ರು. ಒಣಗಿಯೇ ಇತ್ತು. ದೊಡ್ಡ ಗ್ಯಾಸ್ಕೆಟ್ ಕೆಲಸ ಅಂತ ಕೊಟೇಷನ್ ಕೊಟ್ರೆ ಮೊದಲು ಇದನ್ನ ನೋಡಿದೀರಾ ಅಂತ ಕೇಳಿ.

ಎಲ್ಲಾ ಕಾರಿಗೂ ಇದು ಲೆಕ್ಕಕ್ಕೆ ಬರತ್ತೆ ಅಂತ ನಾನು ಹೇಳಲ್ಲ. ಫೇಲ್ ಶೀಟ್ ರಿಪೇರಿ ಕಾರಿನ ಬೆಲೆಯ ಅರ್ಧದ ಹತ್ರ ಹೋಗ್ತಿದ್ರೆ, ಅಥವಾ ಬಾಡಿ ಕೆಳಗೆ ತುಕ್ಕು ತಿಂದಿದ್ರೆ, ಪ್ಲೇಟ್ ವಾಪಸ್ ಕೊಟ್ಟು ಮಾರೋದೇ ಸರಿ. ಆ ನಿರ್ಧಾರಕ್ಕೂ ಶೀಟ್ ಕೈಯಲ್ಲಿರ್ಬೇಕು.

ಶೀಟ್‌ನಲ್ಲಿ ಇಲ್ಲದ ಕೆಲಸಕ್ಕೆ ನಾನು ದುಡ್ಡು ಹಾಕ್ಲಿಲ್ಲ. ರೂಫ್ ಮೇಲೆ ಪೇಂಟ್ ಸಿಪ್ಪೆ ಎದ್ದಿತ್ತು, ಹಾಗೇ ಬಿಟ್ಟೆ, ಪೇಂಟ್ ಮಾಡಿಸಿದ ದುಡ್ಡು ಈ ಬೆಲೆಯ ಕಾರಲ್ಲಿ ವಾಪಸ್ ಬರಲ್ಲ. ಒಂದು ಮಾತ್ರ ಖಂಡಿತ ನೋಡ್ಬೇಕು, ಟಕಾಟಾ ಕಂಪನಿಯ ಏರ್‌ಬ್ಯಾಗ್. ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಅದರೊಳಗಿನ ಅಮೋನಿಯಂ ನೈಟ್ರೇಟ್ ಕೆಟ್ಟು, ಆಕ್ಸಿಡೆಂಟ್ ಆದಾಗ ಏರ್‌ಬ್ಯಾಗ್ ಬಿಚ್ಕೊಳೋವಾಗ ಲೋಹದ ಚೂರು ಸಿಡಿಯೋ ಅಪಾಯ ಇತ್ತು, ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಕಡ್ಡಾಯ ರೀಕಾಲ್ ಮಾಡಿದ್ರು, ಸುಮಾರು 30 ಲಕ್ಷ ಗಾಡಿ ಅದರಲ್ಲಿ ಸೇರಿತ್ತು, 2020ರ ಕೊನೆಯೊಳಗೆ ಬದಲಾಯಿಸ್ಬೇಕು ಅಂತ ಗಡುವು. ಆ ಕಾಲದ ಕಾರು ನಿಮ್ಮದಾದ್ರೆ ವಿನ್ ನಂಬರ್, ಅಂದ್ರೆ ಕಾರಿನ ಚಾಸಿ ನಂಬರ್, ಹಾಕಿ ಆನ್‌ಲೈನ್‌ನಲ್ಲಿ ಚೆಕ್ ಮಾಡಿ, ಇನ್ನೂ ಬದಲಾಗಿಲ್ಲ ಅಂದ್ರೆ ಕಾರಿನ ಕಂಪನಿಯವರೇ ಫ್ರೀಯಾಗಿ ಹಾಕ್ತಾರೆ. ನಮ್ಮದು ಮೊದಲೇ ಆಗಿತ್ತು, ಆ ಪತ್ರ ಸರ್ವೀಸ್ ಬುಕ್ ಒಳಗೆ ಇಟ್ಟೆ.

ಸರ್ಟಿಫಿಕೇಟ್ ಕೈಗೆ ಬಂದ ದಿನದಿಂದ 30 ದಿನ ಮಾತ್ರ ಲೆಕ್ಕ, ಟ್ರಾನ್ಸ್‌ಫರ್ ಆಗೋವಾಗ ಅದಕ್ಕಿಂತ ಹಳೇದಿದ್ರೆ ನಡೆಯಲ್ಲ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದೇ ಥರದ ಸೇಫ್ಟಿ ಸರ್ಟಿಫಿಕೇಟ್ ನಮ್ಮಂಥ ಖಾಸಗಿ ಮಾರಾಟಗಾರರಿಗೆ 2 ತಿಂಗಳು ಅಥವಾ 2000 ಕಿಲೋಮೀಟರ್ ನಡೆಯತ್ತೆ, ಇಲ್ಲಿ ಅಷ್ಟು ಧಾರಾಳ ಇಲ್ಲ. ಹಾಗಾಗಿ ಫೋಟೋ, ಬರಹ ಎಲ್ಲಾ ಮೊದಲೇ ರೆಡಿ ಮಾಡಿಟ್ಕೊಂಡು ಸರ್ಟಿಫಿಕೇಟ್ ಬಂದ ಸಂಜೆನೇ ಜಾಹೀರಾತು ಹಾಕಿದೆ. ಬೆಲೆ ಮತ್ತು ರೆಜೋ ನಂಬರ್ ಹಾಕ್ಲೇಬೇಕು. ಫೋಟೋದಲ್ಲಿ ಸಿಪ್ಪೆ ಎದ್ದ ರೂಫ್ ಹತ್ತಿರದಿಂದ ತೆಗೆದು ಹಾಕಿದೆ, ಬರೋರು ಅದು ಗೊತ್ತಿದ್ದೇ ಬರ್ತಾರೆ, ಡ್ರೈವ್‌ವೇನಲ್ಲಿ ನಿಂತು ಚೌಕಾಸಿಗೆ ಅದು ನೆಪ ಆಗಲ್ಲ.

ಜಾಹೀರಾತು ಹಾಕಿದ ತಕ್ಷಣ ಮೋಸದ ಮೆಸೇಜೂ ಬರೋಕೆ ಶುರು. ಕಾರು ನೋಡದೇ ಪೂರ್ತಿ ಬೆಲೆಗೆ ತಗೋತೀನಿ ಅನ್ನೋನು, ಇಂಥ ವೆಬ್‌ಸೈಟ್‌ನಿಂದಾನೇ ಕಾರಿನ ರಿಪೋರ್ಟ್ ತಗೊಂಡು ಕಳ್ಸಿ ಅಂತ ಲಿಂಕ್ ಕೊಡೋನು, ನಿಮ್ಮ ಪೇಐಡಿ (ಫೋನ್ ನಂಬರ್ ಅಥವಾ ಈಮೇಲ್ ಕೊಟ್ಟು ದುಡ್ಡು ಹಾಕಿಸ್ಕೊಳೋ ಬ್ಯಾಂಕ್ ವ್ಯವಸ್ಥೆ) ಅಪ್‌ಗ್ರೇಡ್ ಮಾಡೋಕೆ ದುಡ್ಡು ಕಟ್ಟಿ ಅಂತ ಈಮೇಲ್ ಕಳಿಸೋನು, ಎಲ್ಲರನ್ನೂ ಬ್ಲಾಕ್ ಮಾಡಿ. ಪೇಐಡಿ ಅನ್ನೋದು ಯಾರಿಗೂ ಹಾಗೆ ಈಮೇಲ್ ಮಾಡಲ್ಲ. ರಿಪೋರ್ಟ್ ಬೇಕಂದ್ರೆ ಸರ್ಕಾರದ ಪಿಪಿಎಸ್‌ಆರ್ ಸೈಟ್‌ನಲ್ಲಿ 2 ಡಾಲರ್‌ಗೆ ಸಿಗತ್ತೆ, ಕಾರಿನ ಮೇಲೆ ಸಾಲ ಇದ್ಯಾ, ಕಳುವಿಂದಾ, ರೈಟ್ ಆಫ್, ಅಂದ್ರೆ ರಿಪೇರಿಗೆ ಲಾಯಕ್ಕಿಲ್ಲ ಅಂತ ಇನ್ಶೂರೆನ್ಸ್‌ನವರು ಬಿಟ್ಟಿದ್ದ ಗಾಡಿನಾ, ಎಲ್ಲಾ ಅದರಲ್ಲಿರತ್ತೆ. ನಾನೇ ತೆಗೆದು ಪ್ರಿಂಟ್ ಇಟ್ಟಿದ್ದೆ, ಆದ್ರೆ ಬಂದೋರಿಗೆ ನೀವೂ ಒಂದು ತೆಗೀರಿ ಅಂತ ಹೇಳ್ತಿದ್ದೆ, ಮಾರೋರು ಕೊಟ್ಟ ಕಾಗದ ನಂಬೋ ಅಭ್ಯಾಸ ಒಳ್ಳೇದಲ್ಲ.

ಕೊನೆಗೆ ತಗೊಂಡಿದ್ದು ಒಬ್ಬ ಹುಡುಗ, ಓದ್ತಾ ವೇರ್‌ಹೌಸ್‌ನಲ್ಲಿ ಪಾರ್ಟ್ ಟೈಮ್ ಕೆಲಸ ಮಾಡ್ತಿದಾನೆ, ಫ್ರೆಂಡ್ ಜೊತೆ ಬಂದಿದ್ದ. ನಾವು ಒಳಗೆ ಮಾತಾಡೋದು ಕೇಳಿ ಅಕ್ಕಾ ನೀವು ಕನ್ನಡದವ್ರಾ ಅಂದ. ಲೈಸೆನ್ಸ್ ನೋಡಿ ಫೋಟೋ ತಗೊಂಡು ಟೆಸ್ಟ್ ಡ್ರೈವ್‌ಗೆ ಕೊಟ್ಟೆ, ನಾನೂ ಪಕ್ಕದಲ್ಲಿ ಕೂತೆ. ವಾಪಸ್ ಬಂದು, ರೋಡ್‌ವರ್ದಿ ಇದೆಯಲ್ಲ ಅಕ್ಕಾ, ಇನ್ನೇನು ನೋಡೋದು ಅಂದ. ಕೂರ್ಸಿಕೊಂಡು ಎಲ್ಲಾ ಹೇಳಿದೆ. ಎಂಜಿನ್ ಸ್ವಲ್ಪ ಆಯಿಲ್ ಕುಡಿಯತ್ತೆ, ಎರಡು ಸಲ ಪೆಟ್ರೋಲ್ ಹಾಕ್ಸಿದಾಗ ಒಂದ್ಸಲ ಡಿಪ್‌ಸ್ಟಿಕ್ ತೆಗೆದು ನೋಡ್ಲೇಬೇಕು ಅಂತ ಅವನ ಕೈಯಲ್ಲೇ ತೆಗೆಸಿ, ಒರೆಸಿ, ಮತ್ತೆ ಹಾಕಿ ತೋರ್ಸಿದೆ. ಹಿಂದಿನ ಟೈರು ಪಾಸ್ ಆಗಿದೆ, ಆದ್ರೆ ಮುಂದಿನ ಚಳಿಗಾಲದೊಳಗೆ ಬದಲಾಯ್ಸು. ಗೇರ್‌ಬಾಕ್ಸ್ ಆಯಿಲ್ ಯಾವಾಗ ಹಾಕ್ಸಿದ್ದು ಅನ್ನೋದಕ್ಕೆ ಬಿಲ್ ಇಲ್ಲಿದೆ. ಖಾಸಗಿಯಾಗಿ ತಗೊಂಡ್ರೆ ವಾರಂಟಿ ಇಲ್ಲ, ಮನಸ್ಸು ಬದಲಾಯ್ತು ಅಂತ ವಾಪಸ್ ಕೊಡೋ ಅವಕಾಶಾನೂ ಇಲ್ಲ, ಬೇಕಾದ್ರೆ ನಿನ್ನ ಮೆಕ್ಯಾನಿಕ್ ಕರ್ಕೊಂಡು ಬಾ ಅಂದೆ. ಡೀಲರ್ ಹತ್ರ ಹೋದ್ರೂ 10 ವರ್ಷ ಅಥವಾ 1 ಲಕ್ಷ 60 ಸಾವಿರ ಕಿಲೋಮೀಟರ್ ದಾಟಿದ ಕಾರಿಗೆ ಕಾನೂನಿನ ಯೂಸ್ಡ್ ಕಾರ್ ವಾರಂಟಿ ಸಿಗಲ್ಲ, ಅದನ್ನೂ ಹೇಳಿದೆ. ಅವನು ಮಾರನೇ ದಿನ ಮೆಕ್ಯಾನಿಕ್‌ನ ಕರ್ಕೊಂಡೇ ಬಂದ. ನನಗೆ ಬಹಳ ಖುಷಿಯಾಯ್ತು. ಸ್ವಲ್ಪ ಚೌಕಾಸಿ ಮಾಡ್ದ, ಹಿಂದಿನ ಟೈರಿಗೆ ಅಂತ ಸ್ವಲ್ಪ ಬಿಟ್ಟೆ.

ಟ್ರಾನ್ಸ್‌ಫರ್ ಫಾರ್ಮ್‌ನಲ್ಲಿ ಬೆಲೆ ಕಮ್ಮಿ ಬರ್ಕೊಡ್ತೀರಾ ಅಂತ ಅವನ ಫ್ರೆಂಡ್ ಕೇಳಿದ, ಆಗಲ್ಲಪ್ಪಾ ಅಂದೆ. ತಪ್ಪು ಅನ್ನೋದು ಒಂದು, ಇನ್ನೊಂದು ಡ್ಯೂಟಿನ, ಅಂದ್ರೆ ಟ್ರಾನ್ಸ್‌ಫರ್‌ಗೆ ಸರ್ಕಾರ ಹಾಕೋ ತೆರಿಗೆನ, ಕೊಟ್ಟ ಬೆಲೆ ಮತ್ತು ಮಾರ್ಕೆಟ್ ಬೆಲೆ ಎರಡರಲ್ಲಿ ಯಾವುದು ಜಾಸ್ತಿನೋ ಅದರ ಮೇಲೆ ಹಾಕ್ತಾರೆ. ಡ್ಯೂಟಿ ಮತ್ತೆ ಟ್ರಾನ್ಸ್‌ಫರ್ ಫೀ ತಗೊಂಡೋರೇ ಕಟ್ಬೇಕು, ಉಳಿದ ರೆಜೋ ಕಾರಿನ ಜೊತೆ ಹೋಗತ್ತೆ, ಇದನ್ನ ಬೆಲೆ ಮಾತಾಡೋವಾಗಲೇ ಹೇಳಿಬಿಡಿ. ದುಡ್ಡು ಬ್ಯಾಂಕ್ ಆ್ಯಪ್‌ನಲ್ಲಿ ನನ್ನ ಅಕೌಂಟಿಗೆ ಬಂದಿದ್ದು ಕಣ್ಣಾರೆ ನೋಡಿದ್ಮೇಲೆ ಕೀ ಕೊಟ್ಟೆ, ಅವನ ಫೋನಿನ ಸ್ಕ್ರೀನ್‌ಶಾಟ್ ನೋಡಿ ಅಲ್ಲ.

ಅವನು ಗೇಟ್ ದಾಟೋ ಮುಂಚೆನೇ ವಿಕ್‌ರೋಡ್ಸ್ ಸೈಟ್‌ನಲ್ಲಿ ಕಾರು ಮಾರಿದೀನಿ ಅಂತ ಹಾಕಿದೆ, ಕೊಂಡೋನು ತನ್ನ ಕಡೆ ಕೆಲಸ ತಡ ಮಾಡಿದ್ರೂ ಆ ಗಳಿಗೆಯಿಂದ ಆಗೋ ಸ್ಪೀಡಿಂಗ್ ಫೈನ್ ನಿಮ್ಮ ತಲೆಗೆ ಬರಬಾರ್ದು ಅಂದ್ರೆ ಈ ದಾಖಲೆ ಇರ್ಬೇಕು. ಗಾಜಿನ ಮೇಲಿದ್ದ ಟೋಲ್ ಟ್ಯಾಗ್ ತೆಗೆದಿಟ್ಕೊಂಡು ಅಕೌಂಟ್‌ನಿಂದ ಆ ರೆಜೋ ನಂಬರ್ ಅಳಿಸಿದೆ, ಬಿಟ್ರೆ ಸಿಟಿಲಿಂಕ್, ಈಸ್ಟ್‌ಲಿಂಕ್ ಟೋಲ್ ರಸ್ತೆಗಳಲ್ಲಿ ಅವನು ಓಡಾಡಿದ್ದೆಲ್ಲಾ ನಮ್ಮ ಕಾರ್ಡಿಂದ ಹೋಗತ್ತೆ. ಇನ್ಶೂರೆನ್ಸ್‌ಗೆ ಮಾತ್ರ ಅವಸರ ಮಾಡ್ಲಿಲ್ಲ, ಕಾರು ನನ್ನ ಹೆಸರಿಂದ ಹೋಗಿದೆ ಅಂತ ವಿಕ್‌ರೋಡ್ಸ್ ಅಕೌಂಟ್‌ನಲ್ಲಿ ಕಂಡ್ಮೇಲೆ ಕ್ಯಾನ್ಸಲ್ ಮಾಡಿದೆ, ಮುಂದಿನ ತಿಂಗಳುಗಳ ಪ್ರೀಮಿಯಂ ವಾಪಸ್ ಬಂತು.